ಮಳೆ ನಾಡಿನಲ್ಲಿ ಮನೆ ಗಿರಣಿ: ಕೂರಿಸುವುದರಿಂದ ಹಿಟ್ಟು ಡಬ್ಬಿ ಸೇರುವವರೆಗೆ

ಗೋಧಿ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಕಾಳು ಸರಸರ ಜಾರಿ ಕೈ ಸಲೀಸಾಗಿ ಇಳಿದರೆ ಆ ಗೋಧಿ ಬೀಸಲು ತಯಾರಿದೆ. ಕೈ ತಡೆದು ತಡೆದು ಇಳಿದರೆ, ಹೊರಗೆ ತೆಗೆದಾಗ ಬೆರಳ ಸಂದಿಯಲ್ಲಿ ನಾಲ್ಕು ಕಾಳು ಅಂಟಿಕೊಂಡಿದ್ದರೆ, ಇನ್ನೂ ಒಣಗಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಮಳೆ ಊರಿನಲ್ಲಿ ಮನೆಗೆ ಕರೆಂಟಿನ ಗಿರಣಿ ತರುವವರು ಮೊದಲು ಕಲಿಯಬೇಕಾದ್ದು ಇದನ್ನೇ. ಸ್ವಿಚ್ ಒತ್ತುವುದು ಯಾರಿಗಾದರೂ ಬರುತ್ತದೆ. ಕಾಳು ಒಣಗಿದೆಯೋ ಇಲ್ಲವೋ ಎನ್ನುವುದು ಕೈಗೆ ಗೊತ್ತಾಗಬೇಕು.

ನಮ್ಮ ಮನೆ ಇರುವುದು ಶಿರಸಿ ಪೇಟೆಯಿಂದ ಸಾಕಷ್ಟು ಒಳಗೆ. ಮೊದಲೆಲ್ಲ ಹಿಟ್ಟು ಬೇಕೆಂದರೆ ಡಬ್ಬಿ ಹಿಡಿದು ಬಸ್ಸು ಹತ್ತಬೇಕಿತ್ತು. ಗಿರಣಿಯಲ್ಲಿ ನಮ್ಮ ಗೋಧಿಯ ಹಿಂದೆ ಮುಂದೆ ಯಾರದೋ ಜೋಳ, ಯಾರದೋ ಕಡಲೆಬೇಳೆ. ಮಳೆಗಾಲದಲ್ಲಿ ಮನೆ ಮುಟ್ಟುವಷ್ಟರಲ್ಲಿ ಹಿಟ್ಟು ತಂಡಿ ಹಿಡಿದಿರುತ್ತಿತ್ತು. ಈಗ ಆರು ವರ್ಷದಿಂದ ಮನೆಯಲ್ಲೇ ಬೀಸಿಕೊಳ್ಳುತ್ತಿದ್ದೇವೆ. ಕಾರವಾರದಲ್ಲಿರುವ ತಂಗಿಯೂ ತಂದಿದ್ದಾಳೆ. ಘಟ್ಟದ ಮೇಲಿನ ನನ್ನ ಅನುಭವ, ಕರಾವಳಿಯ ಅವಳ ಅನುಭವ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ತರುವ ಮೊದಲು ನೋಡಬೇಕಾದ್ದು

ಮನೆ ಗಿರಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎರಡು ಕಲ್ಲುಗಳ ನಡುವೆ ಕಾಳು ಅರೆಯುತ್ತದೆ, ನಮ್ಮ ಹಳೆಯ ಬೀಸುವ ಕಲ್ಲಿನ ಹಾಗೆ. ಇನ್ನೊಂದು ಕಪಾಟಿನ ಆಕಾರದ್ದು. ಅದರೊಳಗೆ ಸ್ಟೀಲಿನ ಬ್ಲೇಡು ಜೋರಾಗಿ ತಿರುಗಿ ಕಾಳನ್ನು ಹೊಡೆದು ಪುಡಿ ಮಾಡುತ್ತದೆ, ಪುಡಿ ಸುತ್ತಲಿನ ಜಾಲರಿಯ ತೂತಿನಿಂದ ಕೆಳಗಿನ ಡಬ್ಬಿಗೆ ಬೀಳುತ್ತದೆ. ಈಗ ಹೆಚ್ಚಿನ ಮನೆಗಳಿಗೆ ಬರುತ್ತಿರುವುದು ಈ ಕಪಾಟಿನ ಗಿರಣಿ. ಕಲ್ಲಿನದಾದರೆ ಆಗಾಗ ಕಲ್ಲಿಗೆ ಉಳಿ ಹಾಕಿಸಬೇಕು, ಹಳ್ಳಿಯಲ್ಲಿ ಆ ಕೆಲಸದವರು ಸಿಗುವುದು ಕಷ್ಟ. ಹಾಗಾಗಿ ನಾನು ಹೇಳುವುದೂ ಕಪಾಟಿನದೇ.

ನಾಲ್ಕೈದು ಜನರ ಮನೆಗೆ 1 ಎಚ್‌ಪಿ ಮೋಟರ್ ಸಾಕು. ದೊಡ್ಡದು ತಂದರೆ ವೈರಿಂಗಿಗೂ ಜಾಸ್ತಿ ಖರ್ಚು. ಅಂಗಡಿಯಲ್ಲಿ ಎಲ್ಲರೂ ಮುಂದಿನ ಬಣ್ಣ ನೋಡುತ್ತಾರೆ. ನೀವು ಗಿರಣಿಯನ್ನು ತಿರುಗಿಸಿ ಹಿಂಬದಿ ಮತ್ತು ಅಡಿ ನೋಡಿ. ಹೆಚ್ಚಿನ ಗಿರಣಿಗಳ ಕಪಾಟು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯದು. ಮುಂದೆ ಹೊಳೆಯುವ ಹಾಳೆ ಅಂಟಿಸಿರುತ್ತಾರೆ, ಹಿಂದೆ ಕೆಲವರು ಹಾಗೇ ಬಿಟ್ಟಿರುತ್ತಾರೆ. ನಮ್ಮ ಜುಲೈ ತಿಂಗಳ ಹವೆಗೆ ಆ ಬರಿ ಹಲಗೆ ರೊಟ್ಟಿಯ ಹಾಗೆ ಉಬ್ಬುತ್ತದೆ, ಆಮೇಲೆ ಬಾಗಿಲು ಸರಿ ಕೂರುವುದಿಲ್ಲ. ಬಾಗಿಲು ಸರಿ ಕೂರದಿದ್ದರೆ ಮೋಟರ್ ಶುರುವಾಗುವುದೇ ಇಲ್ಲ. ಬಾಗಿಲು ತೆರೆದಾಗ ಬ್ಲೇಡು ತಿರುಗಬಾರದೆಂದು ಅಲ್ಲೊಂದು ಚಿಕ್ಕ ಸ್ವಿಚ್ ಇಟ್ಟಿರುತ್ತಾರೆ. ಆ ಸ್ವಿಚ್ ಇಲ್ಲದ ಗಿರಣಿಯನ್ನು ಮಕ್ಕಳಿರುವ ಮನೆಗೆ ತರಲೇಬೇಡಿ.

ರಿಪೇರಿ ಮಾಡುವವರು ನಿಮ್ಮ ತಾಲೂಕಿನಲ್ಲೇ ಇದ್ದಾರಾ, ಜಾಲರಿ ಮತ್ತು ಬ್ಲೇಡು ಬಿಡಿಯಾಗಿ ಸಿಗುತ್ತವಾ ಅಂತ ಕೇಳಿಕೊಳ್ಳಿ. ಎರಡಕ್ಕೂ ಹೌದು ಅಂದರೆ ಮಾತ್ರ ದುಡ್ಡು ಕೊಡಿ.

ಕೂರಿಸುವ ಜಾಗ

ನೆಲ ಮಟ್ಟಸವಾಗಿರಬೇಕು. ಹಳೆಯ ಮನೆಗಳಲ್ಲಿ ನೆಲ ಒಂದು ಕಡೆ ಇಳಿದಿರುತ್ತದೆ. ಗಿರಣಿ ನಡುಗುತ್ತಾ ನಡುಗುತ್ತಾ ಆ ಕಡೆಗೇ ಸರಿಯುತ್ತದೆ, ಬೋಲ್ಟು ಸಡಿಲವಾಗುತ್ತವೆ. ಮೇಲೆ ಒಂದು ಲೋಟ ನೀರಿಟ್ಟು ನೋಡಿದರೆ ಓಲು ಗೊತ್ತಾಗುತ್ತದೆ. ಗೋಡೆಗೂ ಗಿರಣಿಗೂ ನಡುವೆ ಒಂದು ಗೇಣು ಬಿಡಿ. ಮೋಟರಿಗೆ ಗಾಳಿ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ, ಅದಕ್ಕೆ ತಾಗಿಸಿ ಇಡಲೇಬಾರದು.

ಅಡುಗೆಮನೆಯಲ್ಲಿ ಒಲೆ ಪಕ್ಕ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗಾಳಿಯಲ್ಲಿ ಹಾರುವ ನುಣ್ಣನೆ ಹಿಟ್ಟು ಬೆಂಕಿಗೆ ಭಗ್ ಎಂದು ಹತ್ತಿಕೊಳ್ಳುವ ವಸ್ತು. ಬಚ್ಚಲ ಪಕ್ಕವೂ ಬೇಡ, ಅಲ್ಲಿ ತಂಡಿ. ನಮ್ಮದು ಒಳಜಗಲಿಯ ಮೂಲೆಯಲ್ಲಿದೆ. ಕಾರವಾರದ ತಂಗಿ ಮೊದಲು ಸಮುದ್ರದ ಕಡೆ ಕಿಟಕಿಯ ಕೆಳಗೆ ಇಟ್ಟಿದ್ದಳು. ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಚಕ್ರ, ತಿರುಪು ಎಲ್ಲ ತುಕ್ಕು. ಈಗ ಒಳಕೋಣೆಗೆ ತಂದು, ಎರಡಿಂಚು ಎತ್ತರದ ಮರದ ಮಣೆಯ ಮೇಲೆ ಕೂರಿಸಿ, ಕೆಲಸ ಮುಗಿದ ಮೇಲೆ ಹಳೆಯ ಹತ್ತಿ ಸೀರೆ ಹೊದೆಸುತ್ತಾಳೆ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಬಟ್ಟೆಯೇ ಆಗಬೇಕು.

ಕರೆಂಟಿನ ವಿಷಯ

ಇಲ್ಲಿ ಉಳಿತಾಯ ಮಾಡಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್. ಆದರೆ ಮೋಟರ್ ಎಳೆಯುವುದು ಅದಕ್ಕಿಂತ ಜಾಸ್ತಿ, ಸುಮಾರು 1000 ವ್ಯಾಟ್. ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಂತೂ ಐದಾರು ಪಟ್ಟು ಎಳೆಯುತ್ತದೆ. ಟಿವಿ, ಮೊಬೈಲ್ ಚಾರ್ಜರ್ ಚುಚ್ಚುವ 6 ಆಂಪ್ಸ್ ಸಾಕೆಟ್ ಇದಕ್ಕಲ್ಲ. ದಪ್ಪ ಮೂರು ಪಿನ್ನಿನ 16 ಆಂಪ್ಸ್ ಸಾಕೆಟ್, ಅದಕ್ಕೆ ಮೇನ್ ಬೋರ್ಡಿನಿಂದ ನೇರವಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರು, ಅದಕ್ಕೇ ಒಂದು ಬೇರೆ ಎಂಸಿಬಿ (ಲೋಡು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್. ಇಷ್ಟೂ ಬೇಕು. ಒದ್ದೆ ಕೈ, ಒದ್ದೆ ನೆಲದ ಊರು ನಮ್ಮದು. 30 ಮಿಲಿಆಂಪ್ಸಿನ ಆರ್‌ಸಿಸಿಬಿ ಹಾಕಿಸಿಕೊಂಡರೆ ಶಾಕ್ ಹೊಡೆದಾಗ ಅದು ತಾನೇ ಲೈನ್ ಕಡಿಯುತ್ತದೆ.

ನಮ್ಮ ಮನೆಗೆ ಬಂದ ವೈರಿಂಗ್ ಮಾಡುವವರು ಹಳೆಯ ಸಾಕೆಟ್ಟಿಗೇ ಸೇರಿಸಿ ಹೋಗಿದ್ದರು. ಮೂರನೇ ವಾರ ಪ್ಲಗ್ ತೆಗೆಯಲು ಹೋದರೆ ಬಿಸಿ ಬಿಸಿ, ಸಾಕೆಟ್ಟಿನ ತೂತು ಕಂದುಬಣ್ಣಕ್ಕೆ ತಿರುಗಿ ಕರಗಿತ್ತು. ಅಂದಿನಿಂದ ಬೀಸಿದ ಮೇಲೆ ಪ್ಲಗ್ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಉಗುರು ಬೆಚ್ಚಗಿದ್ದರೆ ಅಡ್ಡಿಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಆ ದಿನವೇ ಬೀಸುವುದು ನಿಲ್ಲಿಸಿ.

ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಮನೆಯ ಸಣ್ಣ ಇನ್ವರ್ಟರಿಗೂ ಇದನ್ನು ಸೇರಿಸಬಾರದು. ಇನ್ನು ವೋಲ್ಟೇಜು. ಒಳ ಊರುಗಳಲ್ಲಿ ಸಂಜೆ ಹೊತ್ತಿಗೆ ಬಲ್ಬು ಮಂಕಾಗುತ್ತದಲ್ವಾ, ಆಗ ಗಿರಣಿ ಹಾಕಬೇಡಿ. ಮೋಟರ್ ಪೂರ್ತಿ ವೇಗಕ್ಕೆ ಬರದೆ ಗುಂಯ್ ಎಂದು ಹೂಂಕರಿಸಿದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ನಾನು ಬೀಸುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ. ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ ಗುಡುಗು ಸಿಡಿಲು ಜಾಸ್ತಿ. ಆಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಒಣಗಿಸುವುದು: ಅರ್ಧ ಕೆಲಸ ಇಲ್ಲಿದೆ

ಗಿರಣಿ ತಂದ ಮೊದಲ ಆಷಾಢ. ಮನೆಗೆ ನೆಂಟರು ಬರುವವರಿದ್ದರು, ರೊಟ್ಟಿಗೆ ಅಕ್ಕಿಹಿಟ್ಟು ಬೇಕಿತ್ತು. ಅಕ್ಕಿ ತೊಳೆದು ಒಂದು ರಾತ್ರಿ ಫ್ಯಾನಿನ ಕೆಳಗೆ ಹರಡಿದ್ದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಅತ್ತೆ ಬಂದು ಎರಡು ಕಾಳು ಬಾಯಿಗೆ ಹಾಕಿ ಕಚ್ಚಿದರು. “ತಂಗಿ, ಇದು ಒಣಗಿದ್ದಿಲ್ಲೆ. ಇನ್ನೊಂದ್ ಬಿಸ್ಲು ಬೇಕು” ಅಂದರು. ಹೊರಗೆ ನೋಡಿದರೆ ಬಿಸಿಲಿನ ಸುಳಿವೇ ಇಲ್ಲ. ಅವಸರದಲ್ಲಿ ಹಾಕಿಬಿಟ್ಟೆ. ಐದೇ ನಿಮಿಷ. ಸದ್ದು ಭಾರವಾಯಿತು, ಹಿಟ್ಟು ಬೀಳುವುದು ನಿಂತಿತು, ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ಬಾಗಿಲು ತೆರೆದರೆ ಜಾಲರಿಗೆ ಸುಣ್ಣ ಬಳಿದ ಹಾಗೆ ಹಿಟ್ಟು ಮೆತ್ತಿಕೊಂಡಿತ್ತು, ಒಂದು ತೂತೂ ಕಾಣುತ್ತಿರಲಿಲ್ಲ. ಅದನ್ನು ಒಣಗಿಸಿ, ಬ್ರಷ್ಷಿನಲ್ಲಿ ಉಜ್ಜಿ ತೆಗೆಯಲು ಅರ್ಧ ದಿನ ಹಿಡಿಯಿತು. ಮೋಟರಿನ ಕೆಪಾಸಿಟರ್ ಹೋಗಿತ್ತು, ಹೊಸದು ಹಾಕಿಸಬೇಕಾಯಿತು.

ಕಾಳಿನ ಮೇಲ್ಮೈ ಒಣಗಿದರೆ ಸಾಲದು, ಹೊಟ್ಟೆ ಒಣಗಬೇಕು. ಅತ್ತೆಯ ಹಲ್ಲಿನ ಪರೀಕ್ಷೆ ಅದಕ್ಕೇ. ಕಟ್ ಎಂದು ತುಂಡಾದರೆ ಸರಿ, ಚಪ್ಪಟೆಯಾಗಿ ಮುರಿದರೆ ಒಳಗೆ ನೀರಿದೆ. ಹಲ್ಲು ಗಟ್ಟಿಯಿಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ. ಒಣ ಗಾಜಿನ ಬಾಟಲಿಯ ಮೂರನೇ ಒಂದು ಪಾಲು ಕಾಳು ತುಂಬಿ. ಎರಡು ಚಮಚ ಪುಡಿ ಉಪ್ಪು ಹಾಕಿ. ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಹಸಿ, ಉದುರಿ ಕೆಳಗೆ ಕೂತರೆ ಒಣಗಿದೆ. ಮಳೆಗಾಲದಲ್ಲಿ ನಮ್ಮ ಉಪ್ಪೇ ನೀರೊಡೆದಿರುತ್ತದೆ. ಆದ್ದರಿಂದ ಉಪ್ಪನ್ನು ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ.

ವರ್ಷದ ಲೆಕ್ಕ ಹಾಕುವುದಾದರೆ ಹೀಗೆ ಮಾಡಿ. ಗೋಧಿ, ಜೋಳ ನಮಗೆ ಬರುವುದು ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆಯಿಂದ. ಏಪ್ರಿಲ್‌ನಲ್ಲೇ ಮಳೆಗಾಲಕ್ಕೆ ಬೇಕಾದಷ್ಟು ತಂದುಬಿಡಿ. ಅಂಗಳದಲ್ಲಿ ಚಾಪೆ ಹಾಸಿ ಎರಡು ಮೂರು ದಿನ ಕಾಯುವ ಬಿಸಿಲಿಗೆ ಹರಡಿ, ಮಧ್ಯಾಹ್ನ ಒಮ್ಮೆ ಕೈಯಾಡಿಸಿ. ಸಂಜೆ ಒಳಗೆ ತಂದು ಪೂರ್ತಿ ಆರಿದ ಮೇಲೆ ಡ್ರಮ್ಮಿಗೆ ತುಂಬಿ. ಬಿಸಿ ಬಿಸಿ ತುಂಬಿದರೆ ಒಳಗೇ ಬೆವರುತ್ತದೆ. ಮಧ್ಯ ಮಧ್ಯ ಚೆನ್ನಾಗಿ ಒಣಗಿದ ಲಕ್ಕಿ ಸೊಪ್ಪು ಹಾಕಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಹುಳ ಬರುವುದು ಕಡಿಮೆ.

ಮಳೆಗಾಲದಲ್ಲಿ ಡ್ರಮ್ಮಿನಿಂದ ತೆಗೆದ ಕಾಳಿಗೆ ಮತ್ತೆ ಸ್ವಲ್ಪ ಬಿಸಿ ಬೇಕು. ಬಚ್ಚಲೊಲೆಯ ಮೇಲೆ ಅಟ್ಟ ಇರುವ ಮನೆಯವರು ಪುಣ್ಯವಂತರು, ಗೆರಸಿಯಲ್ಲಿ (ಮೊರದಲ್ಲಿ) ಹರಡಿ ರಾತ್ರಿ ಅಲ್ಲಿಟ್ಟರೆ ಬೆಳಿಗ್ಗೆ ತಯಾರು. ಒದ್ದೆ ಸೌದೆಯ ಹೊಗೆ ಮಾತ್ರ ತಾಗಬಾರದು, ಚಪಾತಿಯಲ್ಲೂ ಹೊಗೆ ವಾಸನೆ ಬರುತ್ತದೆ. ಅಟ್ಟ ಇಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದೊಂದೇ ಕೆಜಿ ಬೆಚ್ಚಗೆ ಮಾಡಿ. ಹುರಿಯುವುದಲ್ಲ, ಬಣ್ಣ ಬದಲಾಗಬಾರದು. ಮುಷ್ಟಿಯಲ್ಲಿ ಹಿಡಿದರೆ ಸುಖವೆನಿಸುವಷ್ಟು ಬಿಸಿ. ಆಮೇಲೆ ಬಟ್ಟೆಯ ಮೇಲೆ ಹರಡಿ, ತಣ್ಣಗಾದ ಮೇಲೇ ಗಿರಣಿಗೆ.

ಒಣಗಿದ್ದಾಯಿತು ಎಂದರೆ ಗೆರಸಿಯಲ್ಲಿ ಕೇರಿ, ಕಲ್ಲು ಆರಿಸಿ. ಒಂದು ಸಣ್ಣ ಆಯಸ್ಕಾಂತವನ್ನು ಕಾಳಿನೊಳಗೆ ಆಡಿಸಿ. ಚೀಲ ಹೊಲಿಯುವಲ್ಲಿ, ಸಾಗಿಸುವಲ್ಲಿ ಸೇರಿದ ತಂತಿ ಚೂರು, ಮೊಳೆ ಸಿಗುವುದುಂಟು. ಒಂದು ಮೊಳೆ ಸಾಕು, ಜಾಲರಿ ಹರಿಯಲು.

ಬೀಸುವ ಕ್ರಮ

1. ಪ್ಲಗ್ ಹಾಕುವ ಮೊದಲೇ ಬಾಗಿಲು ತೆರೆದು, ಬೇಕಾದ ಜಾಲರಿಯನ್ನು ಬ್ಲೇಡು ತಿರುಗುವ ಗೂಡಿನಲ್ಲಿ ಕೂರಿಸಿ. ಸಾಮಾನ್ಯವಾಗಿ ಅಂಕಿ ಚಿಕ್ಕದಾದಷ್ಟೂ ತೂತು ಸಣ್ಣ. ಆದರೂ ಅಂಕಿ ನಂಬಬೇಡಿ, ಬೆಳಕಿಗೆ ಹಿಡಿದು ಕಣ್ಣಲ್ಲೇ ನೋಡಿ. ಜಾಲರಿ ಪೂರ್ತಿ ಒಳಗೆ ಕೂತಿರಬೇಕು, ಅಂಚಿನಲ್ಲಿ ಸಂದಿ ಉಳಿದರೆ ಇಡೀ ಕಾಳು ಹಿಟ್ಟಿಗೆ ಬೀಳುತ್ತದೆ.

2. ಹಿಟ್ಟಿನ ಡಬ್ಬಿ ಇಟ್ಟು, ಅದರ ಮೇಲಿನ ಬಟ್ಟೆಯ ಮುಸುಕನ್ನು ಬಿಗಿಯಾಗಿ ಹಾಕಿ. ಬ್ಲೇಡು ತಿರುಗುವಾಗ ಹಿಟ್ಟಿನ ಜೊತೆ ಗಾಳಿಯೂ ಡಬ್ಬಿಗೆ ನುಗ್ಗುತ್ತದೆ. ಆ ಗಾಳಿ ಹೊರಹೋಗುವುದು ಈ ಬಟ್ಟೆಯ ಮೂಲಕವೇ. ಬಟ್ಟೆ ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲದೆ ಹಿಟ್ಟು ಬಾಗಿಲ ಸಂದಿಯಿಂದ ಹಾರುತ್ತದೆ, ಬೀಸುವುದೂ ನಿಧಾನವಾಗುತ್ತದೆ. ಗಿರಣಿ ಹಿಟ್ಟು ಉಗುಳುತ್ತಿದೆ ಎಂದರೆ ಮೊದಲು ಈ ಬಟ್ಟೆ ನೋಡಿ.

3. ಮೇಲಿನ ತೊಟ್ಟಿಯಿಂದ ಕಾಳು ಇಳಿಯುವ ದಾರಿಯ ಅಡ್ಡಪಟ್ಟಿ ಮುಚ್ಚಿ ಕಾಳು ಸುರಿಯಿರಿ. ಬಾಗಿಲು ಹಾಕಿ, ಪ್ಲಗ್ ಚುಚ್ಚಿ, ಸ್ವಿಚ್ ಒತ್ತಿ. ಸದ್ದು ಏರಿ ಒಂದೇ ಸ್ವರಕ್ಕೆ ನಿಲ್ಲುವವರೆಗೆ ಕಾಯಿರಿ. ಆಮೇಲಷ್ಟೇ ಕಾಳು ಬಿಡಿ, ಮೊದಲು ಕಾಲು ಭಾಗ. ಕಾಳು ತಾನೇ ಇಳಿಯುವ ಆಟೋಮ್ಯಾಟಿಕ್ ಗಿರಣಿಯಾದರೆ ಅದರ ಪುಸ್ತಕದಲ್ಲಿ ಹೇಳಿದ ಹಾಗೆ ಮಾಡಿ.

4. ಕಿವಿ ಕೊಡಿ. ಸದ್ದು ಕುಗ್ಗಿದರೆ ಕಾಳು ಜಾಸ್ತಿ ಬೀಳುತ್ತಿದೆ, ಪಟ್ಟಿ ಸ್ವಲ್ಪ ಮುಚ್ಚಿ. ಮೊದಲ ಎರಡು ಮುಷ್ಟಿ ಹಿಟ್ಟಾದ ಮೇಲೆ ನಿಲ್ಲಿಸಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ತರಿ ತಾಗಿದರೆ ಸಣ್ಣ ಜಾಲರಿ ಹಾಕಿ. ಇಡೀ ಐದು ಕೆಜಿ ಬೀಸಿ ಆಮೇಲೆ ನೋಡುವುದು ಬೇಡ.

5. ಕಾಳು ಖಾಲಿಯಾಗುವಾಗ ಚಟಪಟ ಸದ್ದು ತೆಳುವಾಗುತ್ತಾ ಬಂದು, ಕೊನೆಗೆ ಬರಿ ಗಾಳಿಯ ಸುಂಯ್ ಉಳಿಯುತ್ತದೆ. ಆಮೇಲೂ ಎರಡು ನಿಮಿಷ ಓಡಲಿ. ಗೂಡಿನಲ್ಲಿ ಉಳಿದ ಹಿಟ್ಟೆಲ್ಲ ಡಬ್ಬಿ ಸೇರುತ್ತದೆ.

ಮಧ್ಯದಲ್ಲಿ ಕರೆಂಟ್ ಹೋದರೆ? ನಮ್ಮಲ್ಲಿ ಇದು ದಿನದ ಮಾತು. ತಕ್ಷಣ ಅಡ್ಡಪಟ್ಟಿ ಮುಚ್ಚಿ, ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಗೂಡು ಕಾಳಿನಿಂದ ತುಂಬಿರುವಾಗ ಕರೆಂಟ್ ಬಂದರೆ ಬ್ಲೇಡು ತಿರುಗಲಾರದೆ ಮೋಟರ್ ಒದ್ದಾಡುತ್ತದೆ. ಬಾಗಿಲು ತೆರೆದು ಗೂಡು ಖಾಲಿ ಮಾಡಿ, ಮತ್ತೆ ಮೊದಲಿನಿಂದ. ತೊಟ್ಟಿಯಲ್ಲಿ ಕಾಳು ಸಿಕ್ಕಿಕೊಂಡಾಗಲೂ ಅಷ್ಟೇ, ಓಡುವ ಗಿರಣಿಗೆ ಕೈಯೋ ಕಡ್ಡಿಯೋ ಹಾಕಬಾರದು. ಸೆರಗು ಸಿಕ್ಕಿಸಿಕೊಳ್ಳಿ, ಜಡೆ ಕಟ್ಟಿಕೊಳ್ಳಿ.

ನಮ್ಮ ಗಿರಣಿಯಲ್ಲಿ ಚಪಾತಿ ಹಿಟ್ಟು ಗಂಟೆಗೆ ಆರೇಳು ಕೆಜಿ ಆಗುತ್ತದೆ. ಅದಕ್ಕೆ ಸುಮಾರು ಒಂದು ಯೂನಿಟ್ ಕರೆಂಟ್.

ಒಂದೊಂದು ಕಾಳಿನ ಸ್ವಭಾವ

ಗೋಧಿ ಸಾಧು. ಹೊಸಬರು ಅದರಲ್ಲೇ ಕೈ ಪಳಗಿಸಿಕೊಳ್ಳಿ. ರಾಗಿ ಚಿಕ್ಕದು, ನೀರಿನ ಹಾಗೆ ಹರಿದು ಗೂಡು ತುಂಬಿಬಿಡುತ್ತದೆ, ಪಟ್ಟಿಯನ್ನು ಕೂದಲೆಳೆಯಷ್ಟೇ ತೆರೆಯಿರಿ. ಮಕ್ಕಳ ಅಂಬಲಿಗೆ ಮೊಳಕೆ ಬರಿಸಿದ ರಾಗಿಯಾದರೆ ಬೇರು ಉದುರಿಸಿ, ಎರಡು ಪಟ್ಟು ಒಣಗಿಸಿ. ಜೋಳ ಬೀಸುವುದು ಸುಲಭ, ಹಿಟ್ಟನ್ನು ಇಟ್ಟುಕೊಳ್ಳುವುದು ಕಷ್ಟ. ಹಳೆಯದಾದರೆ ಜಿಗುಟು ಹೋಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿ. ಸಜ್ಜೆ ಇನ್ನೂ ಬೇಗ ಕಹಿಯಾಗುತ್ತದೆ. ಕಡಲೆಬೇಳೆ ಗಟ್ಟಿ, ಸ್ವಲ್ಪ ಬೆಚ್ಚಗೆ ಮಾಡಿ ಆರಿಸಿ, ನಿಧಾನ ಬಿಡಿ. ಇಡೀ ಕಡಲೆಯನ್ನು ನಾನು ಹಾಕುವುದಿಲ್ಲ.

ಕುಮಟಾ ಕಡೆಯ ಗಜನಿ ಗದ್ದೆಯ (ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗದ ಅಕ್ಕಿ ಸಿಕ್ಕರೆ ಒಮ್ಮೆ ಬೀಸಿ ರೊಟ್ಟಿ ಮಾಡಿ ನೋಡಿ. ಉಪ್ಪುನೀರಿನಲ್ಲೂ ಬೆಳೆಯುವ ಭತ್ತ ಅದು. ಹಿಟ್ಟಿನ ಪರಿಮಳವೇ ಬೇರೆ.

ಚೌತಿ ಚಕ್ಕುಲಿಯ ಹಿಟ್ಟು

ಚೌತಿಗೆ ಮೊದಲು ನಮ್ಮ ಊರುಗಳಲ್ಲಿ ಚಕ್ಕುಲಿ ಕಂಬಳ ನಡೆಯುತ್ತದೆ. ನೆರೆಕೆರೆಯವರೆಲ್ಲ ಒಂದು ಮನೆಯಲ್ಲಿ ಸೇರಿ, ಚಕ್ಕುಲಿ ಒರಳಿನಲ್ಲಿ ಒತ್ತದೆ, ಬರಿ ಬೆರಳಲ್ಲಿ ಹಿಟ್ಟು ತಿರುವಿ ಸುತ್ತು ಕೂರಿಸುವ ಕೈ ಚಕ್ಕುಲಿ. ಈ ಹಿಟ್ಟಿಗಾಗಿ ಗಿರಣಿಗೆ ವರ್ಷದಲ್ಲೇ ಕಠಿಣ ಪರೀಕ್ಷೆ. ಹಬ್ಬ ಬರುವುದು ಮಳೆಯಲ್ಲಿ, ಹಿಟ್ಟು ಬೇಕಾಗಿರುವುದು ಬೂದಿಯಷ್ಟು ನುಣುಪು. ಒಂದು ತರಿ ಉಳಿದರೂ ಸುತ್ತುವಾಗ ಎಳೆ ಹರಿಯುತ್ತದೆ, ಎಣ್ಣೆಯಲ್ಲಿ ಸಿಡಿಯಲೂಬಹುದು.

ನಮ್ಮ ಮನೆಯ ಅಳತೆ 4 ಪಾವು ಅಕ್ಕಿಗೆ 1 ಪಾವು ಉದ್ದಿನಬೇಳೆ. ಅಕ್ಕಿ ತೊಳೆದು ನೀರು ಬಸಿದು, ಬಿಳಿ ಪಂಚೆಯ ಮೇಲೆ ಎರಡು ದಿನ ನೆರಳಲ್ಲಿ ಆರಿಸುತ್ತೇವೆ, ಆಮೇಲೆ ಬಾಣಲೆಯಲ್ಲಿ ಬೆಚ್ಚಗೆ ಮಾಡುತ್ತೇವೆ. ಬೇಳೆಯನ್ನು ಬೇರೆಯಾಗಿ, ಘಮ ಬಂದು ತುಸು ಕೆಂಪಾಗುವವರೆಗೆ ಹುರಿಯುತ್ತೇವೆ. ಎರಡೂ ತಣ್ಣಗಾದ ಮೇಲೆ ಬೆರೆಸಿ ಅತಿ ಸಣ್ಣ ಜಾಲರಿಯಲ್ಲಿ ಬೀಸಿ, ಬಟ್ಟೆಯಲ್ಲಿ ಸೋಸುವುದು. ಮೇಲೆ ಉಳಿದ ತರಿಯನ್ನು ಮತ್ತೊಮ್ಮೆ ಗಿರಣಿಗೆ. ಎರಡನೇ ಸಲವೂ ಉಳಿದದ್ದು ದೋಸೆಹಿಟ್ಟಿಗೆ.

ತೆಳ್ಳೇವು (ತೆಳು ದೋಸೆ), ತೊಡದೇವು (ಹಾಳೆಯಂಥ ಸಿಹಿತಿಂಡಿ) ಇವುಗಳ ಹಿಟ್ಟು ನೀರು ಹಾಕಿ ರುಬ್ಬುವಂಥದ್ದು. ಅದು ಒರಳಿನ ಕೆಲಸ, ಗ್ರೈಂಡರಿನ ಕೆಲಸ. ಈ ಗಿರಣಿಗೆ ಹಸಿ ಏನೂ ಹೋಗಬಾರದು.

ಹಾಕಬಾರದ್ದು

ಎಳ್ಳು, ಶೇಂಗಾ, ಕೊಬ್ಬರಿ, ಅಗಸೆ ಇವೆಲ್ಲ ಎಣ್ಣೆ ಬಿಟ್ಟು ಜಾಲರಿಗೆ ಮೆತ್ತುತ್ತವೆ. ಸಕ್ಕರೆ ಬಿಸಿಗೆ ಅಂಟಾಗುತ್ತದೆ. ಅರಿಶಿನದ ಕೊಂಬು ಬ್ಲೇಡಿಗೆ ತೀರಾ ಗಟ್ಟಿ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಸಲು ಕೆಲವು ಕಂಪನಿಯವರು ಬೇರೆ ಜಾಲರಿ ಕೊಡುತ್ತಾರೆ. ಆದರೂ ಖಾರ ಎಷ್ಟು ಉಜ್ಜಿದರೂ ಮೂಲೆಯಲ್ಲಿ ಉಳಿದು, ಮರುದಿನದ ಚಪಾತಿಯಲ್ಲಿ ಮಕ್ಕಳ ಬಾಯಿ ಉರಿಸುತ್ತದೆ. ವರ್ಷಕ್ಕೊಮ್ಮೆ ಮಾಡುವ ಖಾರದಪುಡಿಯನ್ನು ಪೇಟೆಯ ಗಿರಣಿಗೇ ಕಳಿಸಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆರಿಸಿ ತುಂಬುವುದು, ಒರೆಸಿ ಇಡುವುದು

ಡಬ್ಬಿಯಿಂದ ತೆಗೆದಾಗ ಹಿಟ್ಟು ಬಿಸಿ ಇರುತ್ತದೆ. ಹಾಗೇ ಮುಚ್ಚಳ ಹಾಕಿದರೆ ಮುಚ್ಚಳದ ಒಳಗೆ ನೀರು ಕಟ್ಟಿ, ತೊಟ್ಟಿಕ್ಕಿ, ಗಂಟಾಗಿ ಬೂಸ್ಟು ಬರುತ್ತದೆ. ಅಗಲ ಪರಾತದಲ್ಲಿ ಹರಡಿ ತೆಳು ಬಟ್ಟೆ ಮುಚ್ಚಿ, ತಣ್ಣಗಾದ ಕೂಡಲೇ ತುಂಬಿ. ರಾತ್ರಿಯಿಡೀ ಬಿಟ್ಟರೆ ಮಳೆಯ ಹವೆಯನ್ನು ಹೀರುತ್ತದೆ. ಹೊಟ್ಟು ಸಮೇತ ಬೀಸಿದ ಹಿಟ್ಟಿನಲ್ಲಿ ಕಾಳಿನ ಎಣ್ಣೆಯಂಶ ಇರುವುದರಿಂದ ಬೇಗ ಮುಗ್ಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೆ ಆಗುವಷ್ಟು, ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೆ ಆಗುವಷ್ಟು ಬೀಸಿದರೆ ಸಾಕು. ಮನೆಯಲ್ಲೇ ಗಿರಣಿ ಇರುವಾಗ ರಾಶಿ ಹಾಕಿಕೊಳ್ಳುವುದು ಯಾಕೆ?

ಗಿರಣಿಯ ಗೂಡಿಗೆ ನೀರು ಮುಟ್ಟಿಸಬೇಡಿ. ಪ್ಲಗ್ ತೆಗೆದು, ಜಾಲರಿ ಹೊರತೆಗೆದು ಕುಟ್ಟಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಮೂಲೆ ಮೂಲೆ ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಒಂದು ಚಿಟಿಕೆ ಹಿಟ್ಟು ಉಳಿದರೂ ಹದಿನೈದು ದಿನದಲ್ಲಿ ಹುಳದ ಬಲೆ ಕಟ್ಟಿರುತ್ತದೆ. ಗಾಳಿ ಬಿಡುವ ಬಟ್ಟೆಯನ್ನು ಪ್ರತಿ ಸಲ ಹೊರಗೆ ಕೊಡವಿ, ತಿಂಗಳಿಗೊಮ್ಮೆ ಒಗೆಯಿರಿ. ಮಳೆಗಾಲದಲ್ಲಿ ಅದು ಒಣಗಲು ಮೂರು ದಿನ ಬೇಕು. ಅಂಥದ್ದೇ ಇನ್ನೊಂದು ಬಟ್ಟೆ ಹೊಲಿಸಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಬ್ಲೇಡಿನ ನಟ್ಟು ಬಿಗಿ ಇದೆಯಾ ನೋಡಿ, ಅಂಚು ಸವೆದು ಗುಂಡಾಗಿದ್ದರೆ ಬದಲಿಸಿ. ಹಿಟ್ಟು ಮೊದಲಿಗಿಂತ ಜಾಸ್ತಿ ಬಿಸಿಯಾಗಿ ಬರತೊಡಗಿದರೆ ಬ್ಲೇಡು ಸವೆದಿರಬಹುದು.

ಬಹಳ ದಿನ ಬೀಸದೆ ಬಿಟ್ಟಿದ್ದರೆ ನೇರವಾಗಿ ತಿನ್ನುವ ಕಾಳು ಹಾಕಬೇಡಿ. ಮೊದಲು ಒಂದು ಪಾವು ಒಣ ನುಚ್ಚಕ್ಕಿ ಹಾಕಿ ಓಡಿಸಿ. ಗೂಡಿನ ಹಳೆ ವಾಸನೆಯನ್ನೆಲ್ಲ ಅದು ಎಳೆದುಕೊಂಡು ಬರುತ್ತದೆ. ಆ ಹಿಟ್ಟನ್ನು ದನದ ಅಕ್ಕಚ್ಚಿಗೆ ಸುರಿದು, ಆಮೇಲೆ ನಿಮ್ಮ ಗೋಧಿ ಹಾಕಿ.